ಮೂತಿ ಊದಿಸಿಕೊಂಡ ಮಗುವಿನ ಜೊತೆ ನಗೋದು ಹೇಗೆ? 9ರಿಂದ 12 ವರ್ಷದ ಮಕ್ಕಳ ಅಪ್ಪ ಅಮ್ಮಂದಿರಿಗೆ

ಸಂಜೆ ನಾಲ್ಕೂವರೆ. ಮಗಳು ಸ್ಕೂಲಿಂದ ಬಂದವಳೇ ಬ್ಯಾಗನ್ನು ಸೋಫಾ ಮೇಲೆ ಎಸೆದಳು. 6ನೇ ಕ್ಲಾಸು, 11 ವರ್ಷ. "ಪುಟ್ಟಿ, ಊಟದ ಡಬ್ಬಿ ತೆಗೆದು ಸಿಂಕಿಗೆ ಹಾಕಮ್ಮ" ಅಂದೆ.

"ಗೊತ್ತು! ಎಷ್ಟು ಸಲ ಹೇಳ್ತೀಯಾ!"

ನಾನು ಹೇಳಿದ್ದು ಅದೇ ಮೊದಲ ಸಲ. ಬೈಗುಳ ನಾಲಗೆಯ ತುದಿಗೆ ಬಂದಿತ್ತು. ಆದರೆ ಅವತ್ತು ಬ್ಯಾಗಿನಿಂದ ಡಬ್ಬಿ ತೆಗೆದು ಕಿವಿಗೆ ಹಿಡಿದುಕೊಂಡೆ. "ಒಳಗಿಂದ ಯಾರೋ ಕೂಗ್ತಾ ಇದಾರೆ ಕಣೇ. ಅರ್ಧ ಚಪಾತಿಯಂತೆ. ಬೆಳಗ್ಗೆ ಎಂಟಕ್ಕೆ ಒಳಗೆ ಹಾಕಿದ್ರು, ಗಾಳಿ ಇಲ್ಲ ಬೆಳಕಿಲ್ಲ, ಪಕ್ಕದಲ್ಲಿ ಬೀನ್ಸ್ ಪಲ್ಯ ಮೈಮೇಲೆ ಬಿದ್ದು ನಿದ್ದೆ ಮಾಡ್ತಿದೆ ಅಂತ ಅಳ್ತಾ ಇದೆ."

ಮಗಳು ಮುಖ ಆ ಕಡೆಗೇ ಮಾಡಿಕೊಂಡಿದ್ದಳು. ಆದರೆ ತುಟಿಯ ಒಂದು ಕೊನೆ ಸ್ವಲ್ಪ ಮೇಲೆದ್ದಿತು. ಐದು ನಿಮಿಷ ಬಿಟ್ಟು ಬಂದಳು. "ಕೊಡು ಇಲ್ಲಿ, ಬಿಡುಗಡೆ ಮಾಡ್ತೀನಿ" ಅಂತ ಡಬ್ಬಿ ಕಿತ್ತುಕೊಂಡು ಹೋಗಿ ತೊಳೆದಿಟ್ಟಳು.

ಆ ಐದು ನಿಮಿಷದಲ್ಲಿ ಏನಾಯಿತು ಅಂತ ನಾನು ತುಂಬಾ ಯೋಚಿಸಿದ್ದೇನೆ. ಎದುರು ಮಾತಾಡಿದ ಕ್ಷಣದಲ್ಲೇ ಮಗುವಿಗೆ ತಪ್ಪಾಯಿತು ಅಂತ ಗೊತ್ತಿರುತ್ತದೆ. ಆದರೆ ಈ ವಯಸ್ಸಲ್ಲಿ "ತಪ್ಪಾಯ್ತು" ಅನ್ನೋದು ಬಹಳ ಕಷ್ಟ. ಮರ್ಯಾದೆ ಹೋದ ಹಾಗೆ ಅನ್ನಿಸುತ್ತದೆ. ನಾವು ಬೈದರೆ ಮಗು ತನ್ನ ಮಾತಿಗೇ ಅಂಟಿಕೊಂಡು ನಿಲ್ಲುತ್ತದೆ. ನಗಿಸಿದರೆ, ತಲೆ ತಗ್ಗಿಸದೆ ವಾಪಸ್ ಬರೋಕೆ ಒಂದು ದಾರಿ ಸಿಗುತ್ತದೆ. ತಮಾಷೆಯ ಕೆಲಸ ಇಷ್ಟೇ. ಮಗುವನ್ನು ಬಾಯಿ ಮುಚ್ಚಿಸೋಕೆ, ಮಾತಲ್ಲಿ ಗೆಲ್ಲೋಕೆ ಅಂತ ಹೊರಟರೆ ಕೆಲಸ ಕೆಟ್ಟಿತು. ಇದನ್ನು ಮನಸ್ಸಲ್ಲಿ ಇಟ್ಟುಕೊಂಡು ಮುಂದೆ ಓದಿ.

ಮೊದಲು ಹೊಟ್ಟೆ ನೋಡಿ, ನಿದ್ದೆ ನೋಡಿ

ಹೆಣ್ಣುಮಕ್ಕಳಲ್ಲಿ 8ರಿಂದ 13ರ ಒಳಗೆ, ಗಂಡುಮಕ್ಕಳಲ್ಲಿ 9ರಿಂದ 14ರ ಒಳಗೆ ಮೈ ಬದಲಾಗೋಕೆ ಶುರುವಾಗುತ್ತದೆ. ಹೊರಗೆ ಏನೂ ಕಾಣುವ ಮೊದಲೇ ಒಳಗೆ ಹಾರ್ಮೋನುಗಳ ಏರಿಳಿತ ಆರಂಭವಾಗಿರುತ್ತದೆ. ಮಿದುಳಲ್ಲಿ ಸಿಟ್ಟು, ಭಯ, ಖುಷಿ ಇವನ್ನೆಲ್ಲ ಹುಟ್ಟಿಸುವ ಭಾಗ ಬೇಗ ಚುರುಕಾಗುತ್ತದೆ. "ತಡಿ, ಯೋಚನೆ ಮಾಡಿ ಮಾತಾಡು" ಅಂತ ಲಗಾಮು ಹಿಡಿಯುವ ಮುಂಭಾಗ ಪೂರ್ತಿ ಬೆಳೆಯೋದು ಸುಮಾರು 25ರ ಹೊತ್ತಿಗೆ. ಕುದುರೆ ಓಡ್ತಿದೆ, ಲಗಾಮು ಇನ್ನೂ ಹೆಣೆಯುತ್ತಿದ್ದಾರೆ. ನಿನ್ನೆವರೆಗೆ ತೊಡೆ ಮೇಲೆ ಕೂತು ಕಥೆ ಕೇಳುತ್ತಿದ್ದ ಮಗು ಇವತ್ತು ಕಣ್ಣು ಮೇಲಕ್ಕೆ ತಿರುಗಿಸಿ "ಅಯ್ಯೋ ಬಿಡಮ್ಮ, ನಿಂಗೇನೂ ಗೊತ್ತಾಗಲ್ಲ" ಅಂದರೆ, ನಿಮ್ಮ ಸಾಕಣೆ ಕೆಟ್ಟಿತು ಅಂತ ಅಳಬೇಡಿ. ಅದು ಬೆಳೆಯುತ್ತಿದೆ.

ಆದರೆ ಎಷ್ಟೋ ಸಲ ಕಾರಣ ಇನ್ನೂ ಸರಳವಾಗಿರುತ್ತದೆ. ಮಧ್ಯಾಹ್ನ ಹನ್ನೆರಡೂವರೆಗೆ ಅರ್ಧ ಡಬ್ಬಿ ತಿಂದ ಮಗು ನಾಲ್ಕೂವರೆಗೆ ಮನೆಗೆ ಬರುತ್ತದೆ. ಹಸಿದ ಹೊಟ್ಟೆಗೆ ತಮಾಷೆ ಹತ್ತಲ್ಲ. ಬಾಗಿಲು ತೆಗೆದ ತಕ್ಷಣ "ಟೆಸ್ಟಲ್ಲಿ ಎಷ್ಟು ಬಂತು?" ಅಂತ ಕೇಳೋ ಬದಲು ಒಂದು ತಟ್ಟೆ ಮಂಡಕ್ಕಿ, ಒಂದು ಬಾಳೆಹಣ್ಣು ಮುಂದಿಡಿ. ನಮ್ಮ ಮನೆಯಲ್ಲಿ ಇದಕ್ಕೆ ನಿಯಮವೇ ಇದೆ: ತಿಂಡಿ ಹೊಟ್ಟೆಗೆ ಇಳಿದು ಕಾಲು ಗಂಟೆ ಆಗುವ ತನಕ ಯಾರೂ ಪ್ರಶ್ನೆ ಕೇಳೋ ಹಾಗಿಲ್ಲ. ಬರೀ ಇದರಿಂದಲೇ ಸಂಜೆಯ ಸಿಡಿಮಿಡಿ ಬಹಳಷ್ಟು ಇಳಿಯಿತು.

ನಿದ್ದೆಯೂ ಹಾಗೇ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ನಿದ್ರಾ ವೈದ್ಯರು ಹೇಳುತ್ತಾರೆ. ಬೆಳಗ್ಗೆ ಆರಕ್ಕೆ ಏಳಬೇಕು ಅಂದರೆ ರಾತ್ರಿ ಒಂಬತ್ತಕ್ಕೆ ದೀಪ ಆರಬೇಕು. ಎಷ್ಟು ಮನೆಗಳಲ್ಲಿ ಇದು ಆಗುತ್ತಿದೆ? ಟ್ಯೂಷನ್, ಹೋಂವರ್ಕ್, ಟಿವಿ ಎಲ್ಲ ಮುಗಿದು ಹನ್ನೊಂದಕ್ಕೆ ಮಲಗಿದ ಮಗುವಿಗೆ ಬೆಳಗ್ಗೆ ಯಾವ ತಮಾಷೆಯೂ ರುಚಿಸಲ್ಲ.

ಆಮೇಲೆ ನಿಮ್ಮನ್ನು ನೋಡಿಕೊಳ್ಳಿ

ನಿಮಗೆ ನಿಜಕ್ಕೂ ಸಿಟ್ಟು ಬಂದಿದ್ದರೆ ತಮಾಷೆ ಮಾಡೋಕೆ ಹೋಗಬೇಡಿ. ಸಿಟ್ಟಿನಲ್ಲಿ ಹುಟ್ಟಿದ ತಮಾಷೆ ಹೊರಗೆ ಬರುವಾಗ ಕೊಂಕಾಗಿರುತ್ತದೆ. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿಯಿರಿ. ನಿಧಾನ ನಾಲ್ಕೈದು ಸಲ ಉಸಿರು ಬಿಡಿ. ವಾಪಸ್ ಬಂದಾಗ ಮಗುವಿನ ಎದುರು ಸೊಂಟಕ್ಕೆ ಕೈ ಇಟ್ಟು ನಿಲ್ಲಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ. ದನಿ ಒಂದು ಮೆಟ್ಟಿಲು ಇಳಿಯಲಿ. ಅವರು ಏರಿಸಿದ ದನಿಗೆ ನಾವೂ ಏರಿಸಿದರೆ ಪಕ್ಕದ ಮನೆಯವರಿಗೆ ಕೇಳುತ್ತದೆ ಅಷ್ಟೆ.

ಒಂದು ಪರೀಕ್ಷೆ ಹೇಳುತ್ತೇನೆ. ಬಾಯಿಗೆ ಬಂದ ಮಾತನ್ನು ಹೇಳುವ ಮುಂಚೆ ಕೇಳಿಕೊಳ್ಳಿ: ಇದನ್ನು ಕೇಳಿದರೆ ಮಗು ನನ್ನ ಜೊತೆ ನಗುತ್ತದೆಯೋ, ಅಥವಾ ನಾನೊಬ್ಬಳೇ ನಗುತ್ತೇನೋ? ಎರಡನೆಯದಾದರೆ ಮಾತು ನುಂಗಿಬಿಡಿ.

ತಮಾಷೆ ಯಾವುದು, ಕೊಂಕು ಯಾವುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ನಮ್ಮ ಮನೆಗಳಲ್ಲಿ ಹೆಚ್ಚು ಪೆಟ್ಟು ಬೀಳೋದು ಇಲ್ಲೇ. ಕನ್ನಡದಲ್ಲಿ ನಗಿಸೋದಕ್ಕೆ ಎಷ್ಟು ಪದ ಇವೆಯೋ ನಗೆಯಿಂದ ಚುಚ್ಚೋದಕ್ಕೂ ಅಷ್ಟೇ ಇವೆ. ಕೊಂಕು, ಗೇಲಿ, ಲೇವಡಿ, ಅಣಕ, ಕುಹಕ, ಹೀಯಾಳಿಕೆ. ನಾವೆಲ್ಲ ಅವುಗಳ ನಡುವೆಯೇ ಬೆಳೆದವರು. ಭಾನುವಾರ ತಡವಾಗಿ ಎದ್ದರೆ "ಓಹೋ, ಮಹಾರಾಣಿಯವರು ಎದ್ದರೋ? ಇನ್ನೂ ಮಧ್ಯಾಹ್ನ ಆಗಿಲ್ಲವಲ್ಲ!" ಓದುವ ಪುಸ್ತಕ ಹಿಡಿದರೆ "ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?" ಕೇಳೋಕೆ ತಮಾಷೆ ಹಾಗೇ ಇದೆ. ಆದರೆ ಇದರಲ್ಲಿ ಮಗುವಿಗೆ ನಗೋಕೆ ಜಾಗ ಎಲ್ಲಿದೆ? ಎರಡನೆಯ ಮಾತಂತೂ, ಮಗು ಒಳ್ಳೆಯದನ್ನು ಮಾಡಿದ ದಿನವೇ ಅದನ್ನು ಹೊಡೆಯುತ್ತದೆ.

ನನ್ನಿಂದಲೇ ಆದ ಒಂದು ತಪ್ಪು ಹೇಳಬೇಕು. ಮಗನಿಗೆ ಆಗ 12. ದನಿ ಒಡೆಯೋಕೆ ಶುರುವಾಗಿತ್ತು. ನೆಂಟರ ಮನೆ ಗೃಹಪ್ರವೇಶದಲ್ಲಿ ಯಾರೋ ಅವನನ್ನು ಮಾತಾಡಿಸಿದರು. ಅವನು ಉತ್ತರ ಕೊಡುವಾಗ ದನಿ ಕೀಚಲಾಗಿ ತಕ್ಷಣ ದಪ್ಪಗಾಯಿತು. ನಾನು ನಗುತ್ತಾ "ನಮ್ಮನೇಲಿ ಈಗ ಒಡೆದ ರೇಡಿಯೋ ಇದೆ, ಎರಡು ಸ್ಟೇಷನ್ ಒಟ್ಟಿಗೆ ಬರುತ್ತೆ" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಮನೆಗೆ ಬಂದ ಮೇಲೆ ಸುಮಾರು ಹದಿನೈದು ದಿನ ಅವನು ನನಗೆ ತಲೆ ಆಡಿಸಿಯೇ ಉತ್ತರ ಕೊಟ್ಟ. ಹ್ಞೂಂಗೂ ತಲೆ, ಊಹೂಂಗೂ ತಲೆ. ನನಗೆ ಅರ್ಥವಾಗೋಕೆ ಅಷ್ಟು ದಿನ ಬೇಕಾಯಿತು. ಹೋಗಿ ಅವನ ಮಂಚದ ತುದಿಯಲ್ಲಿ ಕೂತು, "ಅವತ್ತು ಎಲ್ಲರ ಎದುರು ಹಾಗೆ ಅಂದಿದ್ದು ತಪ್ಪು ಕಣೋ, ಇನ್ನು ಮಾಡಲ್ಲ" ಅಂದೆ. ಅವನು ಗೋಡೆ ನೋಡಿಕೊಂಡೇ "ಸರಿ" ಅಂದ. ಒಡೆದ ದನಿಯಲ್ಲೇ ಅಂದ. ಅವತ್ತಿನಿಂದ ಮನೆಯಲ್ಲಿ ಒಂದು ಪಟ್ಟಿ ಇದೆ, ಅದರ ಮೇಲೆ ಯಾರೂ ನಗುವ ಹಾಗಿಲ್ಲ: ಮೈ, ಬಣ್ಣ, ತೂಕ, ಮೊಡವೆ, ದನಿ, ಮಾರ್ಕ್ಸ್, ಸ್ನೇಹಿತರು, ಮತ್ತು ಮಗು ನಂಬಿ ಹೇಳಿದ ಯಾವ ಗುಟ್ಟಾದರೂ. ಹೊರಗಿನವರ ಎದುರು ಯಾವ ತಮಾಷೆಯೂ ಇಲ್ಲ.

ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರು. ಈ ವಿಷಯ ಬಂದಾಗ ಅವರು ಹೇಳಿದ್ದು ನನಗೆ ಯಾವ ಪಾಠಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. "ಹಾಸ್ಯಗಾರ ದೂತನ ವೇಷ ಹಾಕಿಕೊಂಡು ಬಂದು ರಾಜನ ಎದುರಿಗೇ ನಿಂತು ಏನೇನೋ ಹೇಳ್ತಾನೆ. ರಾಜನಿಗೂ ಬುದ್ಧಿ ಬರುತ್ತೆ, ಜನಕ್ಕೂ ನಗು ಬರುತ್ತೆ. ಆದ್ರೆ ಅವನು ರಾಜನ ಕಿರೀಟಕ್ಕೆ ಕೈ ಹಾಕಲ್ಲ ನೋಡು."

ಮಗುವಿನ ಕಿರೀಟ ಯಾವುದು ಅಂತ ನಿಮಗೆ ಗೊತ್ತಿರುತ್ತದೆ. ಅದನ್ನು ಬಿಟ್ಟು ಡಬ್ಬಿ, ಸಾಕ್ಸು, ಒದ್ದೆ ಟವೆಲ್, ಮಳೆ, ಸೋಮವಾರ ಇವುಗಳ ಮೇಲೆ ಎಷ್ಟು ಬೇಕಾದರೂ ನಗಬಹುದು.

ಈಗ ಮಾಡುವ ಕೆಲಸ

ಎಲ್ಲಕ್ಕಿಂತ ಸುಲಭದ್ದು ವಸ್ತುಗಳಿಗೆ ಮಾತು ಕೊಡೋದು. ಹೇಳಬೇಕಾದ್ದನ್ನು ನೀವು ಹೇಳಬೇಡಿ, ಆ ವಸ್ತುವೇ ಹೇಳಲಿ. ಮಗಳು ಸ್ನಾನ ಮಾಡಿ ಟವೆಲ್ಲನ್ನು ಹಾಸಿಗೆ ಮೇಲೆ ಎಸೆಯುತ್ತಿದ್ದಳು. ಹೇಳಿ ಹೇಳಿ ಸಾಕಾಗಿತ್ತು. ಒಂದು ದಿನ ಚೀಟಿ ಬರೆದು ಟವೆಲ್ ಪಕ್ಕ ಇಟ್ಟೆ:

"ತೀರ್ಥರೂಪು ಅಕ್ಕನವರಿಗೆ ನಿಮ್ಮ ಟವೆಲ್ ಮಾಡುವ ನಮಸ್ಕಾರಗಳು. ನೀವು ಕ್ಷೇಮ ಅಂದುಕೊಂಡಿದ್ದೇನೆ. ನಾನು ಕ್ಷೇಮವಾಗಿಲ್ಲ. ಹಿತ್ತಲಿನ ತಂತಿ ಮೇಲೆ ನನ್ನ ಅಣ್ಣತಮ್ಮಂದಿರೆಲ್ಲ ಬಿಸಿಲು ಕಾಯಿಸುತ್ತಿದ್ದಾರೆ. ನನಗೆ ಇಲ್ಲಿ ನೆಗಡಿ ಹಿಡಿದಿದೆ. ಇನ್ನೆರಡು ದಿನ ಹೀಗೇ ಇದ್ದರೆ ನನ್ನ ಮೇಲೆ ಅಣಬೆ ಏಳುತ್ತದೆ, ಅದನ್ನು ಸಾರಿಗೆ ಹಾಕುವುದಾಗಿ ಅಜ್ಜಿ ಹೇಳುತ್ತಿದ್ದಾರೆ. ಬೇಗ ಬಂದು ಕರೆದುಕೊಂಡು ಹೋಗುವುದು. ಇಂತಿ, ಒದ್ದೆ ಟವೆಲ್."

ಟವೆಲ್ ತಂತಿಗೆ ಹೋಯಿತು. ಚೀಟಿ ಅವಳ ಕಂಪಾಸ್ ಬಾಕ್ಸಿಗೆ ಹೋಯಿತು, ಸ್ನೇಹಿತೆಯರಿಗೆ ತೋರಿಸೋಕೆ. ಚೀಟಿಯ ಗುಣ ಏನೆಂದರೆ, ಅದಕ್ಕೆ ದನಿ ಇರಲ್ಲ. ದನಿಯಲ್ಲಿ ಮಕ್ಕಳು ಸಿಟ್ಟು ಹುಡುಕುತ್ತಾರೆ. ಚೀಟಿಯನ್ನು ಒಬ್ಬರೇ ಇರುವಾಗ ಓದಬಹುದು, ಒಬ್ಬರೇ ನಗಬಹುದು. ಯಾರ ಎದುರೂ ಸೋಲಬೇಕಾಗಿಲ್ಲ. ಮಾತು ಕಡಿಮೆ ಇರುವ ಅಪ್ಪಂದಿರಿಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಬೆಳಗಿನ ಗಡಿಬಿಡಿಗೆ ನಮಗೆ ಒಗ್ಗಿದ್ದು ರೈಲ್ವೆ ಸ್ಟೇಷನ್. ನೀವು "ಏಳು, ಏಳು, ಗಂಟೆ ನೋಡು" ಅಂತ ಎಂಟು ಸಲ ಕೂಗಿದರೆ ಒಂಬತ್ತನೆಯ ಸಲಕ್ಕೆ "ಎದ್ದೇ ಅಂದ್ನಲ್ಲಾ!" ಅಂತ ಕಿರುಚು ಬರುತ್ತದೆ. ಬದಲಿಗೆ ಮೂಗು ಸ್ವಲ್ಪ ಮುಚ್ಚಿಕೊಂಡು ಹೇಳಿ ನೋಡಿ: "ದಯವಿಟ್ಟು ಗಮನಿಸಿ. ಹಾಸಿಗೆಯಿಂದ ಬಚ್ಚಲುಮನೆಗೆ ಹೋಗುವ ಗಾಡಿ ಸಂಖ್ಯೆ ಹನ್ನೊಂದು, ಹದಿನೈದು ನಿಮಿಷ ತಡವಾಗಿ ಚಲಿಸುತ್ತಿದೆ. ಪ್ರಯಾಣಿಕರಿಗೆ ಆಗಿರುವ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ." ನಮ್ಮ ಮನೆಯಲ್ಲಿ ಹೊದಿಕೆಯ ಒಳಗಿಂದ ಉತ್ತರ ಬಂದಿತ್ತು, "ಗಾಡಿ ರದ್ದಾಗಿದೆ" ಅಂತ. ಅವರಪ್ಪ ಬಾಗಿಲಲ್ಲಿ ನಿಂತು "ಬದಲಿ ಬಸ್ಸು ರೆಡಿ ಇದೆ, ಹತ್ತಿ ಹತ್ತಿ, ರೈಟ್ ರೈಟ್!" ಅಂದರು. ಬಸ್ಸು ಹೊರಟಿತು. ಕ್ರಿಕೆಟ್ ಹುಚ್ಚಿರುವ ಮಗುವಾದರೆ ಕಾಮೆಂಟರಿ ಮಾಡಬಹುದು. ಮಗುವಿಗೆ ಏನು ಇಷ್ಟವೋ ಅದನ್ನೇ ಹಿಡಿಯಿರಿ. ನಿಮ್ಮ ಕಾಲದ ಸಿನಿಮಾ ಡೈಲಾಗು ಅವರಿಗೆ ತಲೆಗೆ ಹೋಗಲ್ಲ.

ಒರಟು ಮಾತಿಗೆ "ಇನ್ನೊಂದು ಸಲ" ಆಟ. ಮಗು "ನಾನು ಮಾಡಲ್ಲ ಹೋಗು" ಅಂತ ಮುಖಕ್ಕೆ ಹೊಡೆದ ಹಾಗೆ ಅಂದಾಗ, ಮಾತಿನ ವಿಷಯಕ್ಕೆ ಹೋಗಬೇಡಿ. "ಕಟ್! ಇದೇ ಮಾತು, ಯಕ್ಷಗಾನದ ರಾಜನ ಹಾಗೆ" ಅನ್ನಿ. ಮೊದಲ ಸಲ ಮಗಳು ಮುಖ ಗಂಟು ಹಾಕಿಕೊಂಡೇ ಹೇಳಿದಳು, "ಎಲೈ ಮಾತೆಯೇ, ನಾನು ಈಗ ಹೋಂವರ್ಕ್ ಮಾಡುವ ಮನಸ್ಸುಳ್ಳವಳಲ್ಲ!" ಅತ್ತೆ ಒಳಗಿಂದ "ಹಾಗೋ! ಕಾರಣವೇನೆಂಬುದನ್ನು ಅರುಹುವಂಥವಳಾಗು!" ಅಂದರು. ಕಾರಣ ಹೊರಗೆ ಬಂತು. ಗಣಿತದ ಭಿನ್ನರಾಶಿ ಲೆಕ್ಕ ಕ್ಲಾಸಲ್ಲಿ ಅರ್ಥವಾಗಿರಲಿಲ್ಲ, ಕೇಳೋಕೆ ನಾಚಿಕೆ ಆಗಿತ್ತು. ಹಾಗೇ ಕೇಳಿದ್ದರೆ "ಏನೂ ಇಲ್ಲ" ಅನ್ನುತ್ತಿದ್ದಳು. ರಾಜನ ವೇಷದಲ್ಲಿ ನಿಜ ಹೇಳೋದು ಸುಲಭವಾಯಿತು. ಆಮೇಲೆ ಮೂರನೆಯ ಸಲ ಅದೇ ಮಾತನ್ನು ನಮ್ಮ ಮಾಮೂಲಿ ಭಾಷೆಯಲ್ಲಿ ಹೇಳಿಸಿ: "ಅಮ್ಮಾ, ನಂಗೆ ಇದು ಬರ್ತಿಲ್ಲ." ಈ ಮೂರನೆಯದು ಬಿಡಬೇಡಿ. ಆಟ ಆಡಿ ಸುಮ್ಮನಾದರೆ ಮಗುವಿಗೆ ಸರಿಯಾಗಿ ಮಾತಾಡುವ ಅಭ್ಯಾಸ ಬರಲ್ಲ.

ಇನ್ನು "ಎಲ್ಲರ ಹತ್ರಾನೂ ಇದೆ, ನಂಗೆ ಮಾತ್ರ ಇಲ್ಲ." ಇದು ಈ ವಯಸ್ಸಿನ ರಾಷ್ಟ್ರಗೀತೆ. ಹೆಚ್ಚಾಗಿ ಫೋನಿಗೆ, ಇನ್‌ಸ್ಟಾಗ್ರಾಮಿಗೆ. ಇಲ್ಲಿ ಆಸೆಯ ಜೊತೆ ಹೋಗಿ, ನಿಯಮದ ಜೊತೆ ನಿಲ್ಲಿ. "ನಂಗೆ ಅಧಿಕಾರ ಇದ್ದಿದ್ರೆ ನಿಂಗೆ ಚಾಮುಂಡಿ ಬೆಟ್ಟದಷ್ಟು ದೊಡ್ಡ ಫೋನ್ ಕೊಡಿಸ್ತಿದ್ದೆ. ಚಾರ್ಜ್ ಮಾಡೋಕೆ ಶಿವನಸಮುದ್ರದಿಂದ ನೇರ ಲೈನು. ನೀನು ಸೆಲ್ಫಿ ತೆಗೆದ್ರೆ ನಂಜನಗೂಡಲ್ಲಿ ಕಾಣಬೇಕು." ಮಗು ಇದಕ್ಕೆ ತಾನೂ ಎರಡು ಸೇರಿಸುತ್ತದೆ. ತನ್ನ ಆಸೆಯನ್ನು ಇವರು ಕೇಳಿಸಿಕೊಂಡರು ಅನ್ನಿಸಿದ ಮೇಲೆ ಒಂದೇ ವಾಕ್ಯ ನೇರವಾಗಿ ಹೇಳಿ: "ಆ ಖಾತೆ ತೆರೆಯೋಕೆ ಕಂಪನಿಯವರೇ 13 ವರ್ಷ ಆಗಿರಬೇಕು ಅಂತಾರೆ. ನಿಂಗೆ 11. ಈಗ ಇಲ್ಲ." ಇದನ್ನು ಹೇಳುವಾಗ ನಗಬೇಡಿ. ತಮಾಷೆ ಬೇರೆ, ನಿಯಮ ಬೇರೆ ಅಂತ ಮಗುವಿಗೆ ಸ್ಪಷ್ಟವಾಗಿ ಕಾಣಬೇಕು. ನಕ್ಕು ನಕ್ಕು ನಿಯಮ ಸಡಿಲಿಸಿದರೆ, ಮುಂದಿನ ಸಲ ಮಗು ನಮ್ಮನ್ನು ನಗಿಸಿ ಕೆಲಸ ಸಾಧಿಸುತ್ತದೆ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ನಿಮ್ಮ ಪುಣ್ಯ. ಅವರ ಒಗಟುಗಳನ್ನು ಬಳಸಿಕೊಳ್ಳಿ. ಸಿಟ್ಟು ಮಾಡಿಕೊಂಡ ಮಗುವಿಗೆ ಬುದ್ಧಿ ಹೇಳಿದರೆ ಕಿವಿ ಮುಚ್ಚುತ್ತದೆ. ಒಗಟು ಹೇಳಿದರೆ ಉತ್ತರ ಹೇಳದೆ ಇರೋಕೆ ಆಗಲ್ಲ. ಮಗಳು ಬಾಗಿಲು ದಢಾರ್ ಅಂತ ಹಾಕಿಕೊಂಡು ರೂಮು ಸೇರಿದ ದಿನ ಅತ್ತೆ ಹೊರಗೆ ಕೂತು ಹೂ ಕಟ್ಟುತ್ತಾ, ಗಾಳಿಗೆ ಹೇಳಿದ ಹಾಗೆ "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂದರು. ಒಳಗಿಂದ ಗೊಣಗು: "ಮಲ್ಲಿಗೆ. ಅದು ಗೊತ್ತು." "ಹಂಗಾದ್ರೆ ಇದು ಹೇಳು. ಒಬ್ರು ಹೊಡೀತಾರೆ, ಮನೆ ಮಂದಿಗೆಲ್ಲ ಪೆಟ್ಟು ಬೀಳುತ್ತೆ." ಇದು ಅತ್ತೆ ಆಗಲೇ ಕಟ್ಟಿದ್ದು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಾಗಿಲು ನಿಧಾನವಾಗಿ ತೆರೆಯಿತು. "ಬಾಗಿಲು" ಅಂತ ಅಷ್ಟೇ ಹೇಳಿ ಅವಳು ಅಜ್ಜಿ ಪಕ್ಕ ಕೂತು ದಾರ ಹಿಡಿದಳು. ಅತ್ತೆ ಮುಂದೆ ಒಂದು ಮಾತೂ ಆಡಲಿಲ್ಲ. ಹೂವನ್ನು ಅವಳ ಕಡೆ ಸರಿಸಿದರು. ಮಗು ವಾಪಸ್ ಬಂದ ಮೇಲೆ ಪಾಠ ಶುರು ಮಾಡಬಾರದು ಅನ್ನೋದನ್ನು ನಾನು ಅವತ್ತು ನೋಡಿ ಕಲಿತೆ.

ತಮಾಷೆ ಬೇಡವೇ ಬೇಡ ಅನ್ನುವ ಕಡೆ

ಒಂದು ಸಲ ಮಗಳು ನಮ್ಮ ಮನೆಕೆಲಸಕ್ಕೆ ಬರುವ ಅಕ್ಕನಿಗೆ "ನನ್ನ ಪುಸ್ತಕ ಮುಟ್ಟಬೇಡಿ ಅಂತ ಹೇಳಿಲ್ವಾ? ಅಷ್ಟೂ ಗೊತ್ತಾಗಲ್ವಾ?" ಅಂದಳು. ಅಲ್ಲಿ ನಾನು ನಗಿಸೋಕೆ ಹೋಗಲಿಲ್ಲ. ರೂಮಿಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಮೆಲ್ಲಗೆ ಹೇಳಿದೆ: "ನನ್ನ ಹತ್ರ ಸಿಡುಕಿದ್ರೆ ನಾನು ತಡ್ಕೋತೀನಿ. ಅವರು ತಿರುಗಿ ಹೇಳೋಕೆ ಆಗಲ್ಲ ಅಂತ ಗೊತ್ತಿದ್ದು ಹಾಗೆ ಮಾತಾಡೋದು ಸರಿಯಲ್ಲ. ಹೋಗಿ ಕ್ಷಮೆ ಕೇಳು." ಅತ್ತಳು. ಕೇಳಿದಳು. ಇಂಥ ಕಡೆ ತಮಾಷೆ ಮಾಡಿದರೆ ತಪ್ಪನ್ನು ಸಣ್ಣದು ಮಾಡಿದ ಹಾಗೆ.

ಕೈ ಎತ್ತಿದಾಗ, ಕೆಟ್ಟ ಬೈಗುಳ ಬಂದಾಗ, ಸುಳ್ಳು ಹೇಳಿದಾಗ, ರಸ್ತೆ, ನೀರು, ಬೆಂಕಿಯಂಥ ಅಪಾಯದ ವಿಷಯದಲ್ಲಿ ಕೂಡ ನೇರ ಮಾತೇ ಬೇಕು. ಮಗು ಅಳುತ್ತಿದ್ದರೆ, ಮಾರ್ಕ್ಸ್ ಕಡಿಮೆ ಬಂದ ದಿನ, ಸ್ನೇಹಿತೆ ಮಾತು ಬಿಟ್ಟ ದಿನ, ಮೊದಲ ಮುಟ್ಟಿನ ದಿನಗಳಲ್ಲಿ ತಮಾಷೆ ಪಕ್ಕಕ್ಕಿಡಿ. ಸುಮ್ನೆ ಪಕ್ಕದಲ್ಲಿ ಇರಿ.

ನಗು ಬರದೇ ಹೋದರೆ

ಬರಲ್ಲ, ಎಷ್ಟೋ ಸಲ. "ನಂಗೆ ನಗು ಬರ್ತಿಲ್ಲ, ಬಿಡಮ್ಮ" ಅಂದರೆ ತಕ್ಷಣ ಬಿಡಿ. "ಸರಿ, ಈಗ ಬೇಡ. ಅರ್ಧ ಗಂಟೆ ಬಿಟ್ಟು ಬರ್ತೀನಿ" ಅನ್ನಿ, ಹೇಳಿದ ಹಾಗೆ ಬನ್ನಿ. "ಏನು, ಒಂದು ತಮಾಷೆಗೂ ನಗಲ್ವಾ ನೀನು?" ಅಂತ ಮಾತ್ರ ಕೇಳಬೇಡಿ. ಒಂದೇ ತಮಾಷೆಯನ್ನು ಮೂರು ದಿನಕ್ಕಿಂತ ಹೆಚ್ಚು ಎಳೆಯಬೇಡಿ. ಡಬ್ಬಿಯ ಚಪಾತಿ ನಮ್ಮ ಮನೆಯಲ್ಲಿ ಒಂದು ವಾರಕ್ಕೆ ಹಳಸಿತು.

ಎದುರುಬದುರು ಕೂತಾಗ ಹೊರಗೆ ಬರದ ಮಾತು ಸ್ಕೂಟರಿನ ಹಿಂದೆ ಕೂತಾಗ, ಬಟಾಣಿ ಸುಲಿಯುವಾಗ ಬರುತ್ತದೆ. ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲವಲ್ಲ. ನಗಿಸುವ ಪ್ರಯತ್ನ ಸೋತ ದಿನ ನಾನು ಏನಾದರೂ ತರೋಕೆ ಅಂತ ಅವಳನ್ನು ಸ್ಕೂಟರಲ್ಲಿ ಕೂರಿಸಿಕೊಂಡು ಹೋಗುತ್ತೇನೆ. ಕೊತ್ತಂಬರಿ ಸೊಪ್ಪಿನ ನೆಪ ಸಾಕು.

ಇದು ಬರೀ ಸಿಡುಕಲ್ಲ ಅನ್ನಿಸಿದಾಗ

ಎರಡು ವಾರಕ್ಕಿಂತ ಜಾಸ್ತಿ ಮಗು ಮಂಕಾಗಿಯೇ ಇದ್ದರೆ, ಇಷ್ಟದ ಆಟ, ತಿಂಡಿ, ಸ್ನೇಹಿತರು ಯಾವುದೂ ಬೇಡ ಅಂದರೆ, ನಿದ್ದೆ ಊಟ ಏರುಪೇರಾದರೆ, ಸ್ಕೂಲಿಗೆ ಹೋಗಲ್ಲ ಅಂತ ದಿನಾ ಹೊಟ್ಟೆನೋವು ಬಂದರೆ ತಮಾಷೆ ಸಾಲದು. ಸ್ಕೂಲಲ್ಲಿ ಯಾರಾದರೂ ಕಾಟ ಕೊಡುತ್ತಿರಬಹುದು. ಇನ್ನೇನೋ ಇರಬಹುದು. "ನಾನಿಲ್ದೇ ಇದ್ರೆ ಒಳ್ಳೇದು" ಅನ್ನುವಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ.

ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್ ಅಂತ ಉಚಿತ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದೆ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅಮ್ಮನೂ ಕರೆ ಮಾಡಬಹುದು. ಮಗುವಿಗೆ ಯಾರಿಂದಾದರೂ ತೊಂದರೆ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆ ಸ್ನೇಹ ಕ್ಲಿನಿಕ್ ಅಂತ ಇರುತ್ತದೆ, ಅಲ್ಲಿನ ಆಪ್ತ ಸಮಾಲೋಚಕರ ಹತ್ತಿರ ಮಗುವೇ ಮಾತಾಡಬಹುದು. ಹೋದರೆ ಯಾರೇನಂದಾರು ಅಂತ ಹಿಂಜರಿಯಬೇಡಿ. ಜ್ವರಕ್ಕೆ ಡಾಕ್ಟರ ಹತ್ತಿರ ಹೋಗಲ್ವಾ?

ಇವತ್ತು ರಾತ್ರಿ ಶುರು ಮಾಡೋಕೆ

ಮೇಲೆ ಹೇಳಿದ್ದರಲ್ಲಿ ಎಲ್ಲವನ್ನೂ ಒಟ್ಟಿಗೆ ಮಾಡೋಕೆ ಹೋಗಬೇಡಿ. ಒಂದು ಗುಟ್ಟಿನ ಪದದಿಂದ ಶುರು ಮಾಡಿ. ಎಲ್ಲರೂ ಖುಷಿಯಾಗಿರುವ ಹೊತ್ತು ನೋಡಿ, ಊಟಕ್ಕೆ ಕೂತಾಗ ಹೇಳಿ: "ಮನೇಲಿ ಯಾರದ್ದಾದ್ರೂ ಮಾತು ಕಹಿಯಾದ್ರೆ, ಬೈಯೋ ಬದಲು ಒಂದು ಪದ ಹೇಳೋಣ. ಯಾವ ಪದ ಅಂತ ನೀನೇ ಆರಿಸು." ಪದವನ್ನು ಮಗುವೇ ಆರಿಸಬೇಕು, ಇದು ಮುಖ್ಯ. ನೀವು ಕೊಟ್ಟ ಪದ ಇನ್ನೊಂದು ಬೈಗುಳವಾಗುತ್ತದೆ. ಎರಡನೆಯ ನಿಯಮ, ಪದ ಕೇಳಿದವರು ಬಾಯಿ ಮುಚ್ಚಿ ಹತ್ತು ಎಣಿಸಬೇಕು, ದೊಡ್ಡವರೂ ಕೂಡ. ಅಪ್ಪ ಅಮ್ಮನ ಮೇಲೆ ಬಳಸೋಕೆ ಮಗುವಿಗೆ ಪೂರ್ತಿ ಹಕ್ಕಿರಬೇಕು. ಹಕ್ಕು ಇಲ್ಲದಿದ್ದರೆ ಆಟ ಎರಡೇ ದಿನ.

ನಮ್ಮ ಮಗಳು ಆರಿಸಿದ್ದು "ಹಾಗಲಕಾಯಿ." ಮೊದಲ ಸಲ ಬಳಸಿದ್ದು ನಾನು. ಅವಳು ಅಣ್ಣನ ಮೇಲೆ ಕಿರುಚುತ್ತಿದ್ದಳು, ನಾನು ಜೋರಾಗಿಯೇ "ಹಾಗಲಕಾಯಿ!" ಅಂದೆ. ಅವಳು ನಿಂತಳು. ಮನಸ್ಸಲ್ಲೇ ಹತ್ತು ಎಣಿಸಿದ್ದು ತುಟಿಯಲ್ಲಿ ಕಾಣುತ್ತಿತ್ತು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಬೇವಿನಕಾಯಿ ಸಾಕ್ಷಿ!" ಅಂದಳು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಅನ್ನುವ ಗಾದೆ ಅಜ್ಜಿಯಿಂದ ಕಲಿತದ್ದು. ನನ್ನ ದನಿ ನಿಜಕ್ಕೂ ಏರಿತ್ತು. ಅವಳು ಹೇಳಿದ್ದು ಸರಿಯಾಗಿತ್ತು. ನಾನೂ ಹತ್ತು ಎಣಿಸಿದೆ.

ಮೊದಲ ಮೂರು ನಾಲ್ಕು ದಿನ ಪದ ಹೆಚ್ಚಾಗಿ ನಿಮ್ಮ ಮೇಲೇ ಬೀಳುತ್ತದೆ. ಬೀಳಲಿ ಬಿಡಿ, ಪ್ರತಿ ಸಲವೂ ಹತ್ತರ ತನಕ ಎಣಿಸಿ. ಮಗು ನಿಮ್ಮನ್ನು ನೋಡುತ್ತಿರುತ್ತದೆ.